ಹಣ ಹೊಂದಿದರೆ ಸಾಲದು, ಕಾಲವೂ ಹೊಂದಬೇಕು

ಪ್ರಶ್ನೆ: ನನಗೆ 43 ವರ್ಷ. ತುಮಕೂರಿನಲ್ಲಿ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಆಗಿದ್ದೇನೆ. ಸ್ವಂತ ಮನೆ ಇದೆ. ಹಿಂದೆ ಒಂದು ಸೈಟ್ ಕೊಂಡು ಮಾರಿ ಸ್ವಲ್ಪ ಲಾಭ ಕಂಡೆ. ಈಗ ಕೈಯಲ್ಲಿ 20 ಲಕ್ಷ ರೂಪಾಯಿ ಇದೆ. ಇಷ್ಟರಲ್ಲಿ ಒಬ್ಬನೇ ಏನು ಮಾಡಲಿ ಎಂದು ಯೋಚಿಸುತ್ತಿದ್ದಾಗ ಪರಿಚಯದ ಬ್ರೋಕರ್ ಒಬ್ಬರು ಗುಬ್ಬಿ ಕಡೆ ಒಂದು ಎಕರೆ 20 ಗುಂಟೆ ಕೃಷಿ ಜಮೀನು ತೋರಿಸಿದರು. ಬೆಲೆ 1 ಕೋಟಿ 20 ಲಕ್ಷ. ಲೇಔಟ್ ಮಾಡಿದರೆ 54 ಸೈಟ್ ಬರುತ್ತವೆ ಎನ್ನುತ್ತಾರೆ.

ನನ್ನ ಭಾವ ಸರ್ಕಾರಿ ಪ್ರೌಢಶಾಲೆ ಶಿಕ್ಷಕರು, ಇನ್ನೆರಡು ವರ್ಷಕ್ಕೆ ನಿವೃತ್ತಿ. 25 ಲಕ್ಷ ಕೊಡುತ್ತಾರೆ, ಆದರೆ ಅವರ ಹೆಸರು ಎಲ್ಲೂ ಬರಬಾರದಂತೆ. ಡಿಪ್ಲೊಮಾದಲ್ಲಿ ನನ್ನ ಜೊತೆ ಓದಿದ ಗೆಳೆಯ ಅಮೆರಿಕದಲ್ಲಿದ್ದಾನೆ. ಅವನು 40 ಲಕ್ಷ ಹಾಕುತ್ತಾನೆ, ಹಣ ಹತ್ತು ವರ್ಷ ಬಿಟ್ಟು ಬಂದರೂ ಚಿಂತೆಯಿಲ್ಲ ಎನ್ನುತ್ತಾನೆ. ಬ್ರೋಕರ್ ಹಣ ಹಾಕುವುದಿಲ್ಲ. ಓಡಾಟವೆಲ್ಲ ಅವರದು, ಲಾಭದಲ್ಲಿ ಶೇ 30 ಅವರಿಗೆ. ಕೃಷಿ ಜಮೀನಾದ್ದರಿಂದ ರೈತನಾದ ತನ್ನ ಹೆಸರಿಗೇ ರಿಜಿಸ್ಟರ್ ಆಗಬೇಕು, ನಮಗೆಲ್ಲ ಬೇರೆ ಅಗ್ರಿಮೆಂಟ್ ಬರೆದುಕೊಡುತ್ತೇನೆ ಎನ್ನುತ್ತಾರೆ. ಕಡಿಮೆ ಬಿದ್ದ ಹಣಕ್ಕೆ ಈಗಲೇ ಸೈಟ್ ಬುಕಿಂಗ್ ಶುರು ಮಾಡೋಣ ಅಂತಲೂ ಹೇಳುತ್ತಿದ್ದಾರೆ. ಮುಂದಿನ ವಾರ ಅಡ್ವಾನ್ಸ್ ಕೊಡಬೇಕು.

ನನ್ನ ಹೆಂಡತಿಗೆ ಇದು ಒಂಚೂರೂ ಇಷ್ಟವಿಲ್ಲ. ಮಗಳು ಒಂಬತ್ತನೇ ಕ್ಲಾಸು, ಅವಳ ಎಂಜಿನಿಯರಿಂಗ್ ಖರ್ಚಿಗೆ ಈ ಹಣವೇ ಆಧಾರ. ನಾನು ಹೆಚ್ಚು ಮಾತಿನವನಲ್ಲ, ನಾಲ್ಕು ಜನರ ಜೊತೆ ಬೆರೆಯುವುದು ಗೊತ್ತಿಲ್ಲ. ನೆಟ್‌ವರ್ಕ್ ಇಲ್ಲದವನು ರಿಯಲ್ ಎಸ್ಟೇಟ್‌ನಲ್ಲಿ ಬೆಳೆಯಲ್ಲ ಎಂದು ಎಲ್ಲರೂ ಹೇಳುತ್ತಾರೆ. ಜೊತೆಗೂಡಿದರೆ ಭಾವನ ಸಂಬಂಧ, ಗೆಳೆತನ ಎರಡೂ ಕೆಡಬಹುದೆಂಬ ಭಯ. ಬಿಟ್ಟರೆ ಅವಕಾಶ ಹೋಗುತ್ತದೆ ಎಂಬ ಸಂಕಟ. ಏನು ಮಾಡಲಿ?

— ಹೆಸರು ಬೇಡ, ತುಮಕೂರು

ಉತ್ತರ: ಅಡ್ವಾನ್ಸ್ ಕೊಡಬೇಡಿ. ಬ್ರೋಕರ್ ಹೇಳಿದ ಷರತ್ತುಗಳಲ್ಲಿ ಈ ಜಮೀನನ್ನು ಈ ನಾಲ್ವರು ಸೇರಿ ಕೊಳ್ಳುವುದು ಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ನಿಮಗೆ ಉಳಿದಿರುವುದು ಒಂದು ವಾರ.

ಹಾಗೆಂದು ಜೊತೆಗೂಡುವ ನಿಮ್ಮ ಆಸೆ ತಪ್ಪಲ್ಲ. 20 ಲಕ್ಷ ಇರುವ ಮಧ್ಯಮ ವರ್ಗದ ಮನುಷ್ಯ ಇಂದಿನ ಭೂಮಿಯ ಬೆಲೆಯಲ್ಲಿ ಮೇಲೇಳಬೇಕಾದರೆ ಇನ್ನೊಬ್ಬರ ಹಣವೋ ಅನುಭವವೋ ಸಮಯವೋ ಜೊತೆಗೆ ಬೇಕು. ಯಾರೊಂದಿಗೆ, ಯಾವುದಕ್ಕಾಗಿ, ಎಷ್ಟು ಕಾಲಕ್ಕೆ ಎಂಬುದನ್ನು ನೀವು ಇನ್ನೂ ತೀರ್ಮಾನಿಸಿಲ್ಲ. ಜಮೀನು ಮೊದಲು ಬಂತು, ಜೊತೆಗಾರರು ಆಮೇಲೆ ಸೇರಿಕೊಂಡರು. ಅಲ್ಲಿಂದಲೇ ತೊಡಕು ಶುರುವಾಗಿದೆ.

ನಾಲ್ವರ ಕಾಲ ಬೇರೆ ಬೇರೆ

ನಿಮ್ಮ ಪತ್ರದಲ್ಲಿ ನೀವೇ ಬರೆದಿರುವ ನಾಲ್ಕು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮಗಳು ಈಗ ಒಂಬತ್ತನೇ ತರಗತಿ, ಅಂದರೆ ನಾಲ್ಕನೇ ವರ್ಷಕ್ಕೆ ನಿಮಗೆ ಹಣ ಕೈಗೆ ಬರಬೇಕು. ಭಾವನವರಿಗೆ ಎರಡು ವರ್ಷದಲ್ಲಿ ಸಂಬಳ ನಿಲ್ಲುತ್ತದೆ, ಆಗ ಅವರಿಗೆ ಈ 25 ಲಕ್ಷ ನೆನಪಾಗದೆ ಇರುವುದಿಲ್ಲ. ಗೆಳೆಯ ಹತ್ತು ವರ್ಷ ಕಾಯಬಲ್ಲ. ಬ್ರೋಕರಿಗೆ ಬೇಕಿರುವುದು ಬೇಗ ಬುಕಿಂಗ್, ಬೇಗ ಕಮಿಷನ್. ಬೇರೆ ಬೇರೆ ಊರಿನಲ್ಲಿ ಇಳಿಯಬೇಕಾದವರು ಒಬ್ಬರೇ ಇಳಿಯಲಾಗದ ಬಸ್ಸು ಹತ್ತಿದಂತಾಗಿದೆ ಇದು.

ಭೂಮಿಯ ಪಾಲುದಾರಿಕೆ ಮುರಿದುಬೀಳುವುದು ನಷ್ಟದಿಂದ ಎಂದು ಜನ ತಿಳಿದಿದ್ದಾರೆ. ಲಾಭ ಬರುತ್ತಿರುವಾಗಲೂ ಅದು ಮುರಿಯುತ್ತದೆ. ಒಬ್ಬನಿಗೆ ತುರ್ತಾಗಿ ಹಣ ಬೇಕು, ಇನ್ನೊಬ್ಬ "ಈಗ ಮಾರಿದರೆ ಮೂರ್ಖತನ, ಇನ್ನೆರಡು ವರ್ಷ ತಡಿ" ಎನ್ನುತ್ತಾನೆ. ಇಬ್ಬರೂ ಸರಿ. ಷೇರು, ಚಿನ್ನ ಆಗಿದ್ದರೆ ತನ್ನ ಪಾಲನ್ನು ಮಾತ್ರ ಮಾರಿ ಹೊರಡಬಹುದು. 30x40 ಸೈಟಿನ ಮೂರನೇ ಒಂದು ಭಾಗವನ್ನು ಹೊರಗಿನವರು ಯಾರು ಕೊಳ್ಳುತ್ತಾರೆ? ಸಹಮಾಲೀಕನು ತನ್ನ ಪಾಲನ್ನು ಮಾರಬಹುದು ಎಂದು ಕಾನೂನು ಹೇಳುತ್ತದೆ, ಮಾರುಕಟ್ಟೆಯಲ್ಲಿ ಅದಕ್ಕೆ ಗಿರಾಕಿ ಇರುವುದಿಲ್ಲ. ಆಗ ಉಳಿಯುವುದು ವಿಭಾಗದ ದಾವೆ. ಅದು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆಯುತ್ತದೆ.

ಹಾಗಾಗಿ ಜೊತೆಗಾರನನ್ನು ಆರಿಸುವಾಗ "ಎಷ್ಟು ಹಾಕುತ್ತೀಯ?" ಎಂಬುದಕ್ಕಿಂತ ಮೊದಲು "ಯಾವಾಗ ವಾಪಸ್ ಬೇಕು?" ಎಂದು ಕೇಳಿ. ಹಣ ಕಡಿಮೆ ಇದ್ದರೆ ಸಣ್ಣ ಆಸ್ತಿ ನೋಡಬಹುದು. ಕಾಲ ಹೊಂದದಿದ್ದರೆ ಯಾವ ಆಸ್ತಿಯೂ ನಡೆಯುವುದಿಲ್ಲ. ಕಾಲದಲ್ಲಿ ಅಂತರವಿದ್ದರೂ ಜೊತೆಗೂಡಲೇಬೇಕು ಎಂದಾದರೆ, ಮೊದಲು ಹೊರಡುವವನ ಪಾಲನ್ನು ಯಾರು, ಯಾವ ಬೆಲೆಗೆ ಕೊಳ್ಳಬೇಕು ಎಂಬುದು ಆಸ್ತಿ ಕೊಳ್ಳುವ ಮುನ್ನವೇ ಬರಹದಲ್ಲಿರಬೇಕು.

ಪತ್ರದಲ್ಲಿ ಯಾರ ಹೆಸರು?

"ಕೃಷಿ ಜಮೀನು ರೈತನ ಹೆಸರಿಗೇ ಆಗಬೇಕು" ಎಂಬ ಮಾತು ಹಳೆಯದು. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಇದ್ದಾಗ ಅದು ನಿಜವಾಗಿತ್ತು. 2020ರ ತಿದ್ದುಪಡಿಯಲ್ಲಿ ಕರ್ನಾಟಕ ಆ ಕಲಮುಗಳನ್ನು ತೆಗೆದುಹಾಕಿತು. ಕೃಷಿಕರಲ್ಲದ ನೀವು ಇಂದು ನಿಮ್ಮ ಹೆಸರಿನಲ್ಲೇ ಜಮೀನು ಕೊಳ್ಳಬಹುದು. ಬ್ರೋಕರಿಗೆ ಇದು ಗೊತ್ತಿಲ್ಲದಿದ್ದರೆ ಅವರ ತಿಳಿವಳಿಕೆ ಸಾಲದು. ಗೊತ್ತಿದ್ದೂ ಹೇಳಿದ್ದರೆ ಅವರೊಂದಿಗೆ ವ್ಯವಹಾರವೇ ಬೇಡ.

ಹಣ ನಿಮ್ಮದು, ಕ್ರಯಪತ್ರ ಅವರ ಹೆಸರಿಗೆ ಎಂದಾದರೆ ಅದಕ್ಕೆ ಬೇನಾಮಿ ಎಂಬ ಹೆಸರಿದೆ. 1988ರ ಬೇನಾಮಿ ಕಾಯ್ದೆಗೆ 2016ರಲ್ಲಿ ಹಲ್ಲು ಬಂದಿದೆ. ಒಂದರಿಂದ ಏಳು ವರ್ಷದವರೆಗೆ ಕಠಿಣ ಸಜೆ, ಆಸ್ತಿಯ ಮಾರುಕಟ್ಟೆ ಬೆಲೆಯ ಶೇ 25ರವರೆಗೆ ದಂಡ, ಆಸ್ತಿಯ ಮುಟ್ಟುಗೋಲು. ಬ್ರೋಕರ್ ಬರೆದುಕೊಡುವ "ಬೇರೆ ಅಗ್ರಿಮೆಂಟ್" ನಿಮ್ಮನ್ನು ಕಾಯುವುದಿಲ್ಲ, ಅದು ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ. ಜೊತೆಗೆ, ಮಾರಾಟದ ಕರಾರು ಇದ್ದ ಮಾತ್ರಕ್ಕೆ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಸ್ಪಷ್ಟವಾಗಿ ಹೇಳಿದೆ. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದ ಮೇಲೆ ಕೈಬದಲಾದ ಆಸ್ತಿಗೆ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪು ಕೊಟ್ಟಿದೆ. ನೋಂದಾಯಿತ ಕ್ರಯಪತ್ರದಲ್ಲಿ ಹೆಸರಿಲ್ಲದವನು ಮಾಲೀಕನಲ್ಲ.

ಭಾವನವರ ಹಣ ಗುಟ್ಟಾಗಿ ನಿಮ್ಮ ಹೆಸರಿನಲ್ಲಿ ಹೋದರೆ, ಆಗ ಬೇನಾಮಿದಾರರು ನೀವೇ. ಅವರಿಗೆ ಇನ್ನೊಂದು ಅಪಾಯವೂ ಇದೆ. ಕರ್ನಾಟಕ ನಾಗರಿಕ ಸೇವಾ (ನಡತೆ) ನಿಯಮಗಳು, 2021ರ ಪ್ರಕಾರ ಸರ್ಕಾರಿ ನೌಕರರು ಅನುಮತಿಯಿಲ್ಲದೆ ವ್ಯಾಪಾರ ನಡೆಸುವಂತಿಲ್ಲ, ಸ್ಥಿರಾಸ್ತಿಯ ವ್ಯವಹಾರವನ್ನು ಇಲಾಖೆಗೆ ತಿಳಿಸಬೇಕು. ನಿವೃತ್ತಿಗೆ ಎರಡು ವರ್ಷ ಇರುವಾಗ ಇಲಾಖಾ ವಿಚಾರಣೆ ತೆರೆದರೆ ಪಿಂಚಣಿಗೇ ಕುತ್ತು. ಅವರಿಗೆ ಒಂದು ಸೈಟ್ ಬೇಕಿದ್ದರೆ ಇಲಾಖೆಗೆ ತಿಳಿಸಿ ತಮ್ಮ ಹೆಸರಿನಲ್ಲೇ ಕೊಳ್ಳಲಿ. ಲೇಔಟ್ ವ್ಯಾಪಾರಕ್ಕೆ ಅವರನ್ನು ಎಳೆಯಬೇಡಿ.

ಗೆಳೆಯನಿಗೆ ಇರುವ ಅಡ್ಡಿ ಬೇರೆ. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು, ಒಸಿಐ ಕಾರ್ಡ್ ಇರುವವರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಭೂಮಿ ಕೊಂಡು ಮಾರುವ ವ್ಯಾಪಾರದ ಸಂಸ್ಥೆಗಳಲ್ಲಿ ಅವರು ಹಣ ಹೂಡುವುದಕ್ಕೂ ನಿರ್ಬಂಧವಿದೆ. ರಾಜ್ಯದ 2020ರ ತಿದ್ದುಪಡಿಯಿಂದ ಇದೇನೂ ಬದಲಾಗಿಲ್ಲ. ವಸತಿ ಸೈಟ್, ಮನೆ, ಫ್ಲ್ಯಾಟ್ ಕೊಳ್ಳಲು ಮಾತ್ರ ಅವರಿಗೆ ಅಡ್ಡಿಯಿಲ್ಲ.

ಅಂದರೆ ನಾಲ್ವರಲ್ಲಿ ಈ ಜಮೀನನ್ನು ನೇರವಾಗಿ ಕೊಂಡು ಲೇಔಟ್ ಮಾಡಬಹುದಾದವರು ನೀವು ಮತ್ತು ಬ್ರೋಕರ್ ಇಬ್ಬರೇ. 1 ಕೋಟಿ 20 ಲಕ್ಷದ ಜಮೀನಿಗೆ ನ್ಯಾಯವಾಗಿ ಮುಂದೆ ಇಡಬಹುದಾದ ಹಣ ನಿಮ್ಮ 20 ಲಕ್ಷ.

54 ಸೈಟಿನ ಲೆಕ್ಕ

ಈ ಅಂಕಿ ಎಲ್ಲಿಂದ ಬಂತು ನೋಡಿ. ಒಂದು ಗುಂಟೆಗೆ 1,089 ಚದರ ಅಡಿ. ನಿಮ್ಮ 60 ಗುಂಟೆಗೆ 65,340 ಚದರ ಅಡಿ. ಅದನ್ನು 30x40 ಸೈಟಿನ 1,200ರಿಂದ ಭಾಗಿಸಿದರೆ 54 ಬರುತ್ತದೆ. ಈ ಲೆಕ್ಕದಲ್ಲಿ ಒಂದೇ ಒಂದು ಅಡಿ ರಸ್ತೆಯೂ ಇಲ್ಲ. ಜನ ಸೈಟಿಗೆ ಹೋಗುವುದು ಹೇಗೆ? ಯೋಜನಾ ಪ್ರಾಧಿಕಾರದ ಅನುಮೋದನೆ ಪಡೆದ ಲೇಔಟಿನಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆಂದು ಸಾಮಾನ್ಯವಾಗಿ ಶೇ 40ರಿಂದ 45ರಷ್ಟು ಜಾಗ ಹೋಗುತ್ತದೆ. ಉಳಿಯುವುದು ಮೂವತ್ತರ ಆಸುಪಾಸು ಸೈಟ್. ಅವೂ ಒಂದೇ ಸಲ ಕೈಗೆ ಬರುವುದಿಲ್ಲ. ರಸ್ತೆ, ಚರಂಡಿ, ನೀರು, ವಿದ್ಯುತ್ ಕೆಲಸ ಮುಗಿದಂತೆ ಹಂತಹಂತವಾಗಿ ಬಿಡುಗಡೆಯಾಗುತ್ತವೆ.

ಖರ್ಚಿನ ಕಡೆ ನೋಡಿದರೆ, 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಸೇರಿಸಿ ಪೂರ್ತಿ ಬೆಲೆಗೆ ನೋಂದಾಯಿಸಿದರೆ ಒಂಬತ್ತು ಲಕ್ಷ ರೂಪಾಯಿ ಮೀರುತ್ತದೆ. ಭೂ ಪರಿವರ್ತನೆ, ನಕ್ಷೆ ಅನುಮೋದನೆ, ಅಭಿವೃದ್ಧಿ ಕೆಲಸ ಇದಕ್ಕೆ ಹೊರತು. ನೀವು ಮೂವರೂ ಸೇರಿಸಲು ಹೊರಟಿದ್ದ 85 ಲಕ್ಷದಲ್ಲಿ ಜಮೀನಿನ ಬೆಲೆಯೇ ತೀರುವುದಿಲ್ಲ.

ಆ ಕೊರತೆಯನ್ನು ಬುಕಿಂಗ್ ಹಣದಿಂದ ತುಂಬೋಣ ಎಂಬುದು ಬ್ರೋಕರ್ ಸಲಹೆ. 500 ಚದರ ಮೀಟರಿಗಿಂತ ದೊಡ್ಡ ಲೇಔಟನ್ನು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿಸದೆ ಜಾಹೀರಾತು ಕೊಡುವುದು, ಬುಕಿಂಗ್ ತೆಗೆದುಕೊಳ್ಳುವುದು 2016ರ ಕಾಯ್ದೆಯ ಪ್ರಕಾರ ಅಪರಾಧ. ಯೋಜನಾ ವೆಚ್ಚದ ಶೇ 10ರವರೆಗೆ ದಂಡ ಬೀಳಬಹುದು, ಉಲ್ಲಂಘನೆ ಮುಂದುವರಿದರೆ ಜೈಲೂ ಇದೆ. ಕಾನೂನನ್ನು ಪಕ್ಕಕ್ಕಿಟ್ಟು ಯೋಚಿಸಿದರೂ, ನಿಮ್ಮ ಮಾತು ನಂಬಿ ಐದು ಲಕ್ಷ ಕೊಟ್ಟವರು ತುಮಕೂರಿನವರೇ ಆಗಿರುತ್ತಾರೆ, ನೀವು ವೈರಿಂಗ್ ಮಾಡಿಕೊಟ್ಟ ಮನೆಯವರೂ ಅವರಲ್ಲಿರಬಹುದು. ಪರಿವರ್ತನೆ ತಡವಾದರೆ ಅವರು ಬಾಗಿಲು ತಟ್ಟುವುದು ನಿಮ್ಮ ಮನೆಯದು. ಇಷ್ಟು ವರ್ಷ ದುಡಿದು ಗಳಿಸಿದ ಹೆಸರನ್ನು ಈ ಅಡ್ವಾನ್ಸಿಗೆ ಅಡವಿಡಬೇಡಿ.

ನಿಮಗೆ ನೆಟ್‌ವರ್ಕ್ ಇಲ್ಲ ಎಂದವರು ಯಾರು?

ನಾಲ್ಕು ಜನರ ಜೊತೆ ಬೆರೆಯುವುದು ಗೊತ್ತಿಲ್ಲ ಎಂದು ಬರೆದಿದ್ದೀರಿ. ಆದರೆ ತುಮಕೂರಿನಲ್ಲಿ ಯಾವ ಬಿಲ್ಡರ್ ಬಿಲ್ಲನ್ನು ಸಮಯಕ್ಕೆ ಕೊಡುತ್ತಾನೆ, ಯಾರು ಆರು ತಿಂಗಳು ಅಲೆಸುತ್ತಾನೆ ಎಂಬುದು ನಿಮಗೆ ಗೊತ್ತು. ಗೋಡೆಯೊಳಗೆ ಯಾವ ಪೈಪ್, ಯಾವ ವೈರ್ ಹೋಗಿದೆ ಎಂದೂ ಗೊತ್ತು. ಯಾವ ಬಡಾವಣೆಯಲ್ಲಿ ಬಾಡಿಗೆಗೆಂದೇ ಮನೆ ಏಳುತ್ತಿವೆ, ಯಾವ ಮನೆಯ ಮೀಟರ್ ವರ್ಷಗಟ್ಟಲೆ ತಿರುಗಿಲ್ಲ ಎಂಬುದು ಬ್ರೋಕರಿಗಿಂತ ಮೊದಲು ನಿಮಗೆ ತಿಳಿಯುತ್ತದೆ. ರಿಯಲ್ ಎಸ್ಟೇಟ್‌ನಲ್ಲಿ ಹಣ ಇರುವವರು ಹುಡುಕುವುದು ಇಂಥ ಮಾಹಿತಿಯನ್ನೇ.

ಹೆಚ್ಚು ಜನರ ಫೋನ್ ನಂಬರ್ ಕೂಡಿಡುವುದರಿಂದ ನಿಮಗೆ ಪ್ರಯೋಜನವಿಲ್ಲ. ಐದಾರು ಕೆಲಸದವರ ನಿಕಟ ಪರಿಚಯ ಸಾಕು. ಬ್ಯಾಂಕಿನ ಪ್ಯಾನೆಲ್‌ನಲ್ಲಿರುವ ಒಬ್ಬ ವಕೀಲರು, ಏಕೆಂದರೆ ಸಾಲ ಕೊಡುವ ಮುನ್ನ ಬ್ಯಾಂಕಿಗಾಗಿ ಕಾಗದ ನೋಡುವವರು ಅವರೇ. ಲೈಸೆನ್ಸ್ ಇರುವ ಒಬ್ಬ ಸರ್ವೇಯರ್. ಉಪನೋಂದಣಿ ಕಚೇರಿಯ ಬಳಿ ಬಹುಕಾಲದಿಂದ ಕೂರುವ ಒಬ್ಬ ದಸ್ತಾವೇಜು ಬರಹಗಾರರು. ಆಸ್ತಿ ವ್ಯವಹಾರದ ತೆರಿಗೆ ಬಲ್ಲ ಒಬ್ಬ ಲೆಕ್ಕ ಪರಿಶೋಧಕರು. ಹೇಳಿದ ದಿನಕ್ಕೆ ಕೆಲಸ ಮುಗಿಸುವ ಒಬ್ಬ ಮೇಸ್ತ್ರಿ. ರೇರಾದಲ್ಲಿ ನೋಂದಾಯಿಸಿಕೊಂಡ ಒಬ್ಬ ಏಜೆಂಟ್, ಇವರ ಹೆಸರನ್ನು ರೇರಾ ಕರ್ನಾಟಕದ ತಾಣದಲ್ಲೇ ನೋಡಿಕೊಳ್ಳಬಹುದು. ಇವರಲ್ಲಿ ಇಬ್ಬರು ಮೂವರು ನಿಮ್ಮ ಪರಿಚಯದಲ್ಲಿ ಈಗಾಗಲೇ ಇರಬಹುದು.

ಈ ಸಂಬಂಧಗಳು ಮಾತಿನಿಂದ ಬೆಳೆಯುವುದಿಲ್ಲ, ಆದ್ದರಿಂದ ಮಿತಭಾಷಿಯಾದ ನಿಮಗೆ ಅಳುಕು ಬೇಡ. ವಕೀಲರಿಗೆ ಸಲಹೆಯ ಶುಲ್ಕ ಕೊಟ್ಟು ಕಾಗದ ತೋರಿಸಿ, ಬಿಟ್ಟಿ ಕೇಳಬೇಡಿ. ಸರ್ವೇಯರ್ ಮನೆಯ ವೈರಿಂಗ್ ಕೆಟ್ಟಾಗ ನೀವೇ ಹೋಗಿ ನಿಲ್ಲಿ. ಮನೆ ಮಾರಬೇಕು ಎಂದು ನಿಮ್ಮ ಗ್ರಾಹಕರು ಹೇಳಿದರೆ ಆ ಏಜೆಂಟಿಗೆ ತಿಳಿಸಿ. ಒಂದು ಆಸ್ತಿ ಬೇಡವೆಂದು ತೀರ್ಮಾನಿಸಿದರೆ ಅದನ್ನು ಅಂದೇ ಹೇಳಿ, ಕಾಯಿಸಬೇಡಿ. ಬೇಡವೆಂದದ್ದನ್ನು ತಡಮಾಡದೆ ಹೇಳುವವನಿಗೆ ಮುಂದಿನ ಒಳ್ಳೆಯ ಆಸ್ತಿಯ ಸುದ್ದಿ ಮೊದಲು ಬರುತ್ತದೆ. ಬಿಲ್ಡರುಗಳ ಸಂಘದ ಸಭೆ, ಗೃಹ ಮೇಳಗಳಿಗೂ ಹೋಗಿ. ಅಲ್ಲಿ ಹೂಡಿಕೆಗೆಂದು ಜನರ ಹಣ ಒಟ್ಟುಗೂಡಿಸಿ, ತಿಂಗಳಿಗೆ ಇಷ್ಟು ಲಾಭ ಖಚಿತ ಎನ್ನುವವರು ಸಿಕ್ಕರೆ ದೂರವಿರಿ. ಅಂಥ ಅನಿಯಂತ್ರಿತ ಠೇವಣಿ ಸಂಗ್ರಹವನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ಮೊದಲ ಜೊತೆಗಾರಿಕೆ ಸಣ್ಣದಿರಲಿ

ಉಳಿದ ಮೂವರಲ್ಲಿ ನಿಮಗೆ ನಿಜವಾಗಿ ಹೊಂದುವವರು ಅಮೆರಿಕದ ಗೆಳೆಯ. ಅವರಲ್ಲಿ ಹಣವಿದೆ, ಊರಿನಲ್ಲಿ ನಿಂತು ನೋಡಿಕೊಳ್ಳಲು ಸಮಯವಿಲ್ಲ. ನಿಮ್ಮಲ್ಲಿ ಕಸುಬಿದೆ, ನೀವು ಊರಿನಲ್ಲೇ ಇದ್ದೀರಿ, ಹಣ ಕಡಿಮೆ. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ ಇರುವಾಗ ಜೊತೆಗಾರಿಕೆಗೆ ಅರ್ಥ ಬರುತ್ತದೆ.

ಲೇಔಟ್ ಬಿಡಿ. ತುಮಕೂರು ನಗರದಲ್ಲಿ ಕಾಲೇಜುಗಳಿಗೋ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೆ ಹೋಗುವವರಿಗೋ ಬಾಡಿಗೆಗೆ ಅನುಕೂಲವಾಗುವ, ಇ-ಖಾತಾ ಇರುವ ಒಂದು ಹಳೆಯ ಮನೆಯನ್ನು ಹುಡುಕಿ. ನಿಮ್ಮ 20 ಲಕ್ಷದಲ್ಲಿ 5 ಲಕ್ಷವನ್ನು ಬ್ಯಾಂಕಿನಲ್ಲೇ ಬಿಡಿ, ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ನೀವು 15, ಗೆಳೆಯ 30. ಒಟ್ಟು 45 ಲಕ್ಷದೊಳಗೆ ಮನೆಯ ಬೆಲೆ, ನೋಂದಣಿ, ರಿಪೇರಿ ಎಲ್ಲವೂ ಮುಗಿಯಬೇಕು. ಆ ಮಿತಿಗೆ ಒಗ್ಗುವ ಮನೆ ಸಿಗುವವರೆಗೆ ಕಾಯಿರಿ.

ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಬರಲಿ, ನಿಮಗೆ ಮೂರನೇ ಒಂದು ಪಾಲು, ಅವರಿಗೆ ಮೂರನೇ ಎರಡು ಪಾಲು ಎಂದು ಸ್ಪಷ್ಟವಾಗಿ ನಮೂದಾಗಲಿ. ಯಾರು ಎಷ್ಟು ಕೊಟ್ಟರು ಎಂಬುದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು ಎಂದು ಆಸ್ತಿ ವರ್ಗಾವಣೆ ಕಾಯ್ದೆ ಊಹಿಸುತ್ತದೆ, ಮನಸ್ತಾಪ ಅಲ್ಲಿಂದ ಶುರುವಾಗುತ್ತದೆ. ಇಬ್ಬರೂ ತಮ್ಮ ತಮ್ಮ ಬ್ಯಾಂಕ್ ಖಾತೆಯಿಂದ ನೇರವಾಗಿ ಮಾರಾಟಗಾರರಿಗೆ ಹಣ ಕಳುಹಿಸಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳುತ್ತದೆ. ಗೆಳೆಯ ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಸಹಿ ಮಾಡಿದ ಅಧಿಕಾರಪತ್ರ ಕಳುಹಿಸಲಿ, ಅದು ಈ ಒಂದು ಮನೆಯ ಖರೀದಿಗೆ ಮಾತ್ರ ಸೀಮಿತವಾಗಿರಲಿ. ಅನಿವಾಸಿಯ ಪಾಲಿನ ಬಾಡಿಗೆಯಿಂದ ಬಾಡಿಗೆದಾರರು ತೆರಿಗೆ ಹಿಡಿಯಬೇಕಾಗುತ್ತದೆ, ಅದರ ವ್ಯವಸ್ಥೆಯನ್ನು ಲೆಕ್ಕ ಪರಿಶೋಧಕರಿಂದ ಮೊದಲೇ ಮಾಡಿಸಿಕೊಳ್ಳಿ.

ಕ್ರಯಪತ್ರದ ಜೊತೆಗೆ ಒಂದು ಸಹಮಾಲೀಕತ್ವ ಒಪ್ಪಂದವನ್ನು ವಕೀಲರಿಂದ ಬರೆಸಿ. ನಿಮ್ಮ ದುಡಿಮೆಗೆ ಬೆಲೆ ಹೇಗೆ ಎಂಬುದು ಅದರಲ್ಲಿ ಮೊದಲು ಬರಲಿ. ನೀವು ಮಾಡುವ ರೀವೈರಿಂಗಿಗೆ ಮಾರುಕಟ್ಟೆ ದರದಲ್ಲಿ ಬಿಲ್ ಮಾಡಿ, ಖರ್ಚೆಂದು ಲೆಕ್ಕಕ್ಕೆ ಹಿಡಿಯಿರಿ. "ನಾನು ಓಡಾಡಿದ್ದೇನೆ, ಆಮೇಲೆ ನೋಡಿಕೊಳ್ಳೋಣ" ಎಂದು ಬಿಟ್ಟ ಲೆಕ್ಕವೇ ಮುಂದೆ ಮನಸ್ಸಿನಲ್ಲಿ ಬೆಳೆಯುತ್ತದೆ. ಮನೆ ನೋಡಿಕೊಳ್ಳುವುದಕ್ಕೆ ಬಾಡಿಗೆಯಲ್ಲಿ ಶೇಕಡಾ ಇಷ್ಟು ಎಂದು ನಿಗದಿಯಾಗಲಿ. ಎಷ್ಟು ಮೊತ್ತದ ರಿಪೇರಿಯವರೆಗೆ ನೀವೊಬ್ಬರೇ ತೀರ್ಮಾನಿಸಬಹುದು, ಅದಕ್ಕೆ ಮೇಲ್ಪಟ್ಟು ಗೆಳೆಯನ ಒಪ್ಪಿಗೆ ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬರಬೇಕೇ ಎಂಬುದೂ ಇರಲಿ.

ಒಪ್ಪಂದದ ಜೀವಾಳ ಹೊರಬರುವ ಷರತ್ತು. ನಾಲ್ಕನೇ ವರ್ಷದ ಇಂಥ ತಿಂಗಳಲ್ಲಿ ನೀವು ಕೇಳಿದರೆ ಗೆಳೆಯ ನಿಮ್ಮ ಪಾಲನ್ನು ಕೊಳ್ಳಬೇಕು ಎಂದು ಬರೆಸಿ. ಬೆಲೆಗೆ ಬ್ಯಾಂಕಿನ ಪ್ಯಾನೆಲ್‌ನಲ್ಲಿರುವ ಇಬ್ಬರು ಮೌಲ್ಯಮಾಪಕರು ಹೇಳಿದ ಮೊತ್ತದ ಸರಾಸರಿ ಹಿಡಿಯಿರಿ. 90 ದಿನದಲ್ಲಿ ಅವರು ಕೊಳ್ಳದಿದ್ದರೆ ಇಡೀ ಮನೆಯನ್ನು ಮಾರಾಟಕ್ಕಿಡಬೇಕು, ಇಬ್ಬರೂ ಸಹಿ ಮಾಡಬೇಕು. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ವಾರಸುದಾರರಿಗೂ ಇದೇ ಷರತ್ತು ಅನ್ವಯಿಸಬೇಕು. ವ್ಯಾಜ್ಯ ಬಂದರೆ ಮೊದಲು ಮಧ್ಯಸ್ಥಿಕೆ. ಗೆಳೆಯ ಹತ್ತು ವರ್ಷ ಕಾಯಬಲ್ಲ, ನಿಮಗೆ ನಾಲ್ಕೇ ವರ್ಷ. ಈ ಅಂತರವನ್ನು ನಿಭಾಯಿಸುವುದು ಈ ಒಂದು ಷರತ್ತು.

ಈ ಮನೆ ಸುಸೂತ್ರವಾಗಿ ಮುಗಿದು, ಮುಂದೆ ಊರಿನಲ್ಲೇ ಇರುವ ಬೇರೆ ಜೊತೆಗಾರರೊಂದಿಗೆ ಕೊಂಡು ಮಾರುವ ವ್ಯವಹಾರಕ್ಕೆ ಇಳಿದರೆ ಆಗ ಪಾಲುದಾರಿಕೆ ಫರ್ಮ್ ಅಥವಾ ಸೀಮಿತ ಹೊಣೆಯ ಪಾಲುದಾರಿಕೆಯಾದ ಎಲ್‌ಎಲ್‌ಪಿ ಯೋಚಿಸಿ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಎರಡು ಸಂಗತಿ ನೆನಪಿಡಿ. ಫರ್ಮಿನ ಸಾಲಕ್ಕೆ ಪ್ರತಿ ಪಾಲುದಾರನೂ ಪೂರ್ತಿ ಹೊಣೆ, ಜೊತೆಗಾರ ಕೈಯೆತ್ತಿದರೆ ನಿಮ್ಮ ಸ್ವಂತ ಮನೆಗೂ ಅದು ತಟ್ಟಬಹುದು. ನೋಂದಣಿಯಾಗದ ಫರ್ಮಿನ ಪಾಲುದಾರ ತನ್ನ ಕರಾರಿನ ಹಕ್ಕಿಗಾಗಿ ಫರ್ಮಿನ ಮೇಲಾಗಲಿ ಜೊತೆಗಾರರ ಮೇಲಾಗಲಿ ದಾವೆ ಹೂಡಲಾಗುವುದಿಲ್ಲ. 2008ರ ಕಾಯ್ದೆಯಡಿ ಬಂದ ಎಲ್‌ಎಲ್‌ಪಿಯಲ್ಲಿ ಹೊಣೆ ಸೀಮಿತ, ಲೆಕ್ಕಪತ್ರದ ಕಟ್ಟುಪಾಡು ಹೆಚ್ಚು.

ಯಾವ ಆಸ್ತಿಗೂ ಕಾಗದದ ಪರೀಕ್ಷೆ ತಪ್ಪದು. ಮೂಲ ಪತ್ರಗಳು, ಋಣಭಾರ ಪತ್ರ (ಇಸಿ), ಖಾತಾ, ಜಮೀನಾದರೆ ಪಹಣಿ, ಮ್ಯುಟೇಶನ್, ಸರ್ವೆ ನಕ್ಷೆ. ಪಿತ್ರಾರ್ಜಿತವಾದರೆ ಮನೆಯ ಹೆಣ್ಣುಮಕ್ಕಳ ಸಹಿ. ಸರ್ಕಾರದಿಂದ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆಯೇ ಎಂಬುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಅಂಥ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಎಷ್ಟೋ ವರ್ಷದ ನಂತರವೂ ಅದು ಅವರಿಗೇ ಮರಳಬಹುದು, ಮರಳುವುದು ನ್ಯಾಯವೂ ಹೌದು.

ಮಾತು ಆಡುವುದು ಹೇಗೆ

ಭಾವನವರಿಗೆ ಫೋನ್ ಮಾಡಬೇಡಿ, ಮನೆಗೆ ಹೋಗಿ. "ಭಾವ, ನಿಮ್ಮ ಹೆಸರಿಲ್ಲದೆ ನಿಮ್ಮ ಹಣ ನಾನು ಮುಟ್ಟಲ್ಲ. ನಾಳೆ ನನಗೇನಾದರೂ ಆದರೆ ಅಕ್ಕ ಯಾವ ಕಾಗದ ಹಿಡಿದು ನನ್ನ ಮಕ್ಕಳನ್ನ ಕೇಳಬೇಕು?" ಎನ್ನಿ. ಕಾಯ್ದೆಯ ಮಾತು ಆಮೇಲೆ ಬರಲಿ. ಅಕ್ಕನೂ ಎದುರಿಗೆ ಇರಲಿ. ಅವರು ಒಂದು ದಿನ ಬೇಸರಪಟ್ಟುಕೊಳ್ಳಬಹುದು. ಐದು ವರ್ಷದ ನಂತರ ಬರುವ ಮನಸ್ತಾಪಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ಬ್ರೋಕರಿಗೆ ಹೇಳಬೇಕಾದ್ದು ಇಷ್ಟೇ: "ನನ್ನ ಹೆಸರಿಲ್ಲದ ಪತ್ರಕ್ಕೆ, ರೇರಾ ಇಲ್ಲದ ಬುಕಿಂಗಿಗೆ ನಾನಿಲ್ಲ." ಬೇರೆಯವರು ತಯಾರಿದ್ದಾರೆ ಎನ್ನುತ್ತಾರೆ. ತಯಾರಿದ್ದರೆ ಕೊಳ್ಳಲಿ. ಹಣ ಹಾಕದ, ದುಡಿಯುವ ಪಾಲುದಾರನೇ ತಪ್ಪೆಂದು ನಾನು ಹೇಳುತ್ತಿಲ್ಲ. ಮುಂದೆ ಯಾವಾಗಲಾದರೂ ಅಂಥವರನ್ನು ಸೇರಿಸಿಕೊಂಡರೆ ಅವರ ಪಾಲು ಹಂತಹಂತವಾಗಿ ಸಿಗುವಂತಿರಲಿ: ಪರಿವರ್ತನೆಯ ಆದೇಶ ಬಂದಾಗ ಇಷ್ಟು, ನಕ್ಷೆಗೆ ಅನುಮೋದನೆ ಸಿಕ್ಕಾಗ ಇಷ್ಟು, ಹೂಡಿದವರ ಅಸಲು ಕೈಸೇರಿದ ಮೇಲೆ ಉಳಿದದ್ದು. ಕೆಲಸ ಮಾಡುವ ಮನಸ್ಸಿದ್ದವರು ಇದಕ್ಕೆ ಒಪ್ಪುತ್ತಾರೆ.

ನಿಮ್ಮ ಹೆಂಡತಿಯ ವಿರೋಧವನ್ನು ಅಡ್ಡಿ ಎಂದು ಎಣಿಸಬೇಡಿ. ಈ ಹಣ ಯಾವಾಗ ಬೇಕಾಗುತ್ತದೆ ಎಂಬುದನ್ನು ನಿಮ್ಮೆಲ್ಲರಿಗಿಂತ ಮೊದಲು ಲೆಕ್ಕ ಹಾಕಿದವರು ಅವರು. ಮಗಳ ಓದಿನ ವರ್ಷ, ತಿಂಗಳು ಅವರ ತಲೆಯಲ್ಲಿದೆ. ಗೆಳೆಯನೊಂದಿಗಿನ ಒಪ್ಪಂದದ ಕರಡನ್ನು ಅವರ ಜೊತೆ ಕೂತು ಓದಿ, ಅತ್ತ ಗೆಳೆಯನ ಹೆಂಡತಿಯೂ ಓದಲಿ. ಒಮ್ಮೆ ನಾಲ್ವರೂ ವಿಡಿಯೊ ಕರೆಯಲ್ಲಿ ಕೂತು ಪ್ರತಿ ಷರತ್ತನ್ನೂ ಜೋರಾಗಿ ಓದಿಕೊಳ್ಳಿ. ಹೆಂಡತಿಗೆ ಅರ್ಥವಾಗದ ಷರತ್ತು ಸಿಕ್ಕರೆ ಅದನ್ನು ಬಿಡಿಸಿ ಬರೆಯಲು ವಕೀಲರಿಗೆ ಹೇಳಿ.

ಈ ವಾರ ಮಾಡಬೇಕಾದದ್ದು ಮೂರು ಕೆಲಸ. ಬ್ರೋಕರಿಗೆ ಇಲ್ಲ ಎನ್ನಿ. ಭಾವನವರ ಮನೆಗೆ ಹೋಗಿ ಬನ್ನಿ. ಗೆಳೆಯನಿಗೆ ಫೋನ್ ಮಾಡಿ ನಿಮಗೆ ಹಣ ಯಾವ ವರ್ಷ, ಏಕೆ ಬೇಕು ಎಂದು ಮುಚ್ಚುಮರೆಯಿಲ್ಲದೆ ಹೇಳಿ. ಆಗ ನಿಮ್ಮ ಪಾಲನ್ನು ಕೊಳ್ಳಲು ಅವನು ಸಿದ್ಧನಿದ್ದಾನೆಯೇ ಎಂದು ಕೇಳಿ. ಸಿದ್ಧ ಎಂದರೆ ಮನೆ ಹುಡುಕಲು ಶುರು ಮಾಡಿ. ಇಲ್ಲ ಎಂದರೂ ಗೆಳೆತನಕ್ಕೆ ಊನವಿಲ್ಲ, ನಿಮ್ಮ 20 ಲಕ್ಷ ನಿಮ್ಮ ಬಳಿಯೇ ಇರುತ್ತದೆ, ಮುಂದಿನ ಜೊತೆಗಾರನಿಗೆ ಕೇಳಬೇಕಾದ ಮೊದಲ ಪ್ರಶ್ನೆ ಯಾವುದೆಂದು ನಿಮಗೆ ಗೊತ್ತಿರುತ್ತದೆ.